ನಿಕಾನ್ 200-500: ರಂಗನತಿಟ್ಟಿಗೂ ಕೊಕ್ಕರೆ ಬೆಳ್ಳೂರಿಗೂ ಒಂದೇ ಲೆನ್ಸ್ ಸಾಕೇ?

ನಿಕಾನ್ ಕಂಪನಿಯ ಎಎಫ್-ಎಸ್ 200-500 ಎಂಎಂ ಎಫ್/5.6 ಲೆನ್ಸು ಬಂದದ್ದು 2015ರಲ್ಲಿ. ಇಷ್ಟು ಹಳೆಯ ಲೆನ್ಸಿನ ಬಗ್ಗೆ ಈಗ ಬರೆಯುವುದಕ್ಕೆ ಕಾರಣವಿದೆ. 2023ರಲ್ಲಿ ನಿಕಾನ್ ಮಿರರ್‌ಲೆಸ್ ಕ್ಯಾಮೆರಾಗಳ ಝಡ್ ಮೌಂಟಿಗೆ (ಲೆನ್ಸ್ ಕೂರುವ ಜಾಗ) 180-600 ಬಂದ ಮೇಲೆ, ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗುತ್ತಿರುವವರು ಇದನ್ನು ಮಾರುತ್ತಿದ್ದಾರೆ. ಹಕ್ಕಿ ಫೋಟೊದ ಹುಚ್ಚು ಹತ್ತಿಸಿಕೊಂಡು, ಮೊದಲ ಉದ್ದ ಲೆನ್ಸಿಗಾಗಿ ಹಣ ಕೂಡಿಡುತ್ತಿರುವ ಮೈಸೂರು-ಮಂಡ್ಯದ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ಕಾಲ. ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ಸೆಕೆಂಡ್ ಹ್ಯಾಂಡ್‌ನಲ್ಲಿ ಧೈರ್ಯವಾಗಿ ತೆಗೆದುಕೊಳ್ಳಬಹುದಾದ ಲೆನ್ಸ್ ಇದು. ಆದರೆ ಇದರ ಸ್ವಭಾವ ತಿಳಿಯದೆ ಕೊಂಡವರು ಎರಡೇ ತಿಂಗಳಿಗೆ "ಶಾರ್ಪ್ ಇಲ್ಲ" ಎಂದು ಮಾರುವುದೂ ಉಂಟು. ಆ ದೂರಿನಲ್ಲಿ ಬಹುಪಾಲು ಲೆನ್ಸಿನ ತಪ್ಪಲ್ಲ. ಕಾವೇರಿಯ ಮೇಲಿನ ಬಿಸಿ ಗಾಳಿಯದು, ಶಟರ್ ವೇಗದ್ದು, ದೂರದ್ದು.

ಮೊದಲು ನಿಮ್ಮ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಯಾವುದು ನೋಡಿಕೊಳ್ಳಿ. ಇದರ ಅಪರ್ಚರ್ (ಬೆಳಕು ಒಳಬರುವ ಕಂಡಿ, ಎಫ್/ ಅಂಕಿ ಹೆಚ್ಚಿದಷ್ಟೂ ಕಿರಿದು) ಎಲೆಕ್ಟ್ರಾನಿಕ್. ಹಳೆಯ ಲೆನ್ಸುಗಳಲ್ಲಿರುವ ಸನ್ನೆಕೋಲು ಇಲ್ಲಿಲ್ಲ, ಬಾಡಿಯಿಂದ ಬರುವ ಸಂಕೇತಕ್ಕೆ ಒಳಗಿನ 9 ಎಲೆಗಳು ಮುಚ್ಚಿ ತೆರೆಯುತ್ತವೆ. ಆದ್ದರಿಂದ ಡಿ40, ಡಿ60, ಡಿ80, ಡಿ90, ಡಿ200, ಡಿ3000 ಮತ್ತು ಫಿಲ್ಮ್ ಬಾಡಿಗಳಲ್ಲಿ ಅಪರ್ಚರ್ ಬದಲಾಯಿಸಲು ಬರುವುದಿಲ್ಲ. ಮನೆಯಲ್ಲಿ ಇನ್ನೂ ಡಿ90 ಇಟ್ಟುಕೊಂಡಿರುವವರು ಬಹಳ ಮಂದಿ, ಅವರು ಇದನ್ನು ಕೊಳ್ಳುವುದು ಬೇಡ. ಡಿ3100, ಡಿ5000 ಮತ್ತು ಅವುಗಳ ನಂತರ ಬಂದ ಬಾಡಿಗಳಲ್ಲಿ ತೊಂದರೆಯಿಲ್ಲ. ಇದಕ್ಕೆ ಸರಿಜೋಡಿ ಎಂದರೆ ಡಿ500, ನಂತರ ಡಿ7500, ದೊಡ್ಡ ಸೆನ್ಸರಿನ ಫುಲ್ ಫ್ರೇಮಿನಲ್ಲಿ ಡಿ850 ಅಥವಾ ಡಿ750. ಝಡ್ ಬಾಡಿ ಇದ್ದವರು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಆಟೊಫೋಕಸ್, ವಿಆರ್ (ಕೈಯ ಅದುರು ತಡೆಯುವ ವ್ಯವಸ್ಥೆ) ಎರಡೂ ಕೆಲಸ ಮಾಡುತ್ತವೆ. ಝಡ್8ನಂಥ ಬಾಡಿಯಲ್ಲಿ ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕಿಕೊಡುತ್ತದೆ. ಆದರೆ ಫೋಕಸ್ ಓಡಿಸುವ ಮೋಟರ್ ಅದೇ ಹಳೆಯದು, ಅದರ ವೇಗ ಹೆಚ್ಚುವುದಿಲ್ಲ.

ತೂಕ ಟ್ರೈಪಾಡ್ ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ) ಸೇರಿ 2,300 ಗ್ರಾಂ, ಕಾಲರ್ ಬಿಚ್ಚಿದರೆ 2,090. ಬ್ಯಾಟರಿ ಸಹಿತ ಡಿ500 ಇನ್ನೊಂದು 860 ಗ್ರಾಂ. ಮೂರು ಕೆಜಿ ದಾಟಿದ ಜೋಡಿಯನ್ನು ಕ್ಯಾಮೆರಾದ ಪಟ್ಟಿಯಲ್ಲಿ ಕತ್ತಿಗೆ ನೇತುಹಾಕಬೇಡಿ. ಭಾರವೆಲ್ಲ ಲೆನ್ಸ್ ಮೌಂಟಿನ ನಾಲ್ಕಾರು ಸ್ಕ್ರೂಗಳ ಮೇಲೆ ಬೀಳುತ್ತದೆ. ಕಾಲರಿನ ಪಾದಕ್ಕೆ ಸ್ಕ್ರೂ ಹಾಕುವ ಅಡ್ಡ ಹೆಗಲಿನ ಪಟ್ಟಿ ತೆಗೆದುಕೊಳ್ಳಿ, ಲೆನ್ಸ್ ಸೊಂಟದ ಪಕ್ಕ ತಲೆಕೆಳಗಾಗಿ ತೂಗುತ್ತದೆ. ತೂಗುವಾಗ ಝೂಮ್ ತಾನಾಗಿ ಜಾರದಂತೆ 200ರಲ್ಲಿಟ್ಟು ಲಾಕ್ ಒತ್ತಿ. ಕುಕ್ಕರಹಳ್ಳಿ ಕೆರೆಯ ಏರಿಯನ್ನು ಒಂದು ಸುತ್ತು ಹಾಕುವವರಿಗೆ ಮಾನೊಪಾಡ್ ಇದ್ದರೆ ಸಾಕು, ಟ್ರೈಪಾಡ್ ಹೊತ್ತು ತಿರುಗುವ ಅಗತ್ಯವಿಲ್ಲ. ಜೊತೆಗೆ ಬರುವ ಪಾದ ಆರ್ಕಾ ಮಾದರಿಯದಲ್ಲ (ಟ್ರೈಪಾಡ್ ತಲೆಗೆ ನೇರ ಜಾರಿಸಿ ಬಿಗಿಯುವಂಥದ್ದು), ಸ್ವಲ್ಪ ಬಳುಕುತ್ತದೆ ಕೂಡ. ಅದನ್ನು ತೆಗೆದು ಆರ್ಕಾ ಕಚ್ಚು ಇರುವ, ತಗ್ಗಾದ ಬೇರೆ ಪಾದ ಹಾಕಿಸಿದರೆ ನಿಧಾನ ಶಟರ್‌ನಲ್ಲಿ ಅದುರು ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಹುಡ್ ಹಿಡಿತವೂ ಸಡಿಲ. ಗಿಡಗಂಟಿಗೆ ತಗುಲಿ ತಿರುಗಿ ಬಿದ್ದುಹೋಗುತ್ತದೆ, ದೋಣಿಯಲ್ಲಾದರೆ ನೇರ ನೀರಿಗೆ. ಒಂದು ಸುತ್ತು ಬಟ್ಟೆ ಟೇಪ್ ಹಾಕಿಬಿಡಿ.

ಝೂಮ್ ರಿಂಗ್ ತಿರುವು ಉದ್ದ. 200ರಿಂದ 500ಕ್ಕೆ ಒಂದೇ ಹಿಡಿತದಲ್ಲಿ ಹೋಗುವುದಿಲ್ಲ, ಎಡಗೈ ಒಮ್ಮೆ ಬಿಟ್ಟು ಹಿಡಿಯಲೇಬೇಕು. ಹೊಸ 180-600ರಲ್ಲಿ ಕಾಲು ಸುತ್ತಿಗಿಂತ ಕಡಿಮೆ ತಿರುವಿನಲ್ಲಿ ಕೆಲಸ ಮುಗಿಯುತ್ತದೆ, ಮೂತಿಯೂ ಮುಂದಕ್ಕೆ ಚಾಚುವುದಿಲ್ಲ. ಇಲ್ಲಿ ಚಾಚುತ್ತದೆ. ಹಾಗೆ ಚಾಚಿ ಮಡಚುವಾಗೆಲ್ಲ ಲೆನ್ಸು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳು. ಬೇಸಿಗೆಯಲ್ಲಿ ಮದ್ದೂರು ಕಡೆಯ ಮಣ್ಣುದಾರಿಯಲ್ಲಿ ಓಡಾಡಿದ ಮೇಲೆ ಮೂತಿಯನ್ನು ಪೂರ್ತಿ ಚಾಚಿ, ಆ ಕೊಳವೆಯನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಮೇಲೆ ಮಡಚಿ. ಒಳಗೆ ನಾಲ್ಕು ಕಣ ಧೂಳು ಕಂಡರೆ ಫೋಟೊಗೆ ಏನೂ ಆಗದು, ಅದಕ್ಕಾಗಿ ಬಿಚ್ಚಿಸಬೇಡಿ.

ಎಷ್ಟು ದೂರಕ್ಕೆ ಎಷ್ಟು ಹಕ್ಕಿ

500 ಎಂಎಂ ಎಂದರೆ ಎಷ್ಟು ಹತ್ತಿರ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳಲಿ. ಡಿ500, ಡಿ7500ರಂಥ, ಚಿಕ್ಕ ಸೆನ್ಸರಿನ ಕ್ರಾಪ್ ಬಾಡಿಯಲ್ಲಿ 20 ಮೀಟರ್ ದೂರಕ್ಕೆ ಚೌಕಟ್ಟಿನ ಅಗಲ ಸುಮಾರು 94 ಸೆಂ.ಮೀ., ಫುಲ್ ಫ್ರೇಮಿನಲ್ಲಿ 1.44 ಮೀಟರ್. ಬಣ್ಣದ ಕೊಕ್ಕರೆ ನಿಂತರೆ ಒಂದು ಮೀಟರ್ ಹತ್ತಿರ ಎತ್ತರ, ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್. ಹಾಗಾಗಿ ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಗೆ ಹತ್ತಿರ ಸರಿದಾಗ 500 ಹೆಚ್ಚಾಗುತ್ತದೆ, ರೆಕ್ಕೆಯ ತುದಿ ಕತ್ತರಿಸಿಹೋಗುತ್ತದೆ. 300-350ಕ್ಕೆ ಇಳಿಸಿಕೊಂಡು ಕಾಯಬೇಕು. ಹೊಸಬರು ಎಡವುವುದು ಇಲ್ಲೇ. 500ಕ್ಕೇ ಅಂಟಿಕೊಂಡಿರುತ್ತಾರೆ, ಗೂಡಿಗೆ ಕಡ್ಡಿ ತರುತ್ತಿರುವ ಹಕ್ಕಿ ಬಂದು ಇಳಿದಾಗ ಅರ್ಧ ರೆಕ್ಕೆ ಮಾತ್ರ ಸಿಗುತ್ತದೆ. ಝೂಮ್ ಇಲ್ಲದ 500 ಎಂಎಂನ ಪ್ರೈಮ್ ಲೆನ್ಸಿಗಿಂತ ಈ ಝೂಮ್ ನಮ್ಮ ಭಾಗಕ್ಕೆ ಹೆಚ್ಚು ಒಗ್ಗುವುದು ಇದೇ ಕಾರಣಕ್ಕೆ. ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುವುದರಿಂದ 200 ಕೂಡ ಕೆಲವೊಮ್ಮೆ ಉದ್ದವೆನಿಸುತ್ತದೆ.

ಚಿಕ್ಕ ಹಕ್ಕಿಗೆ ಈ ಲೆಕ್ಕ ತಿರುವುಮುರುವು. ಸಣ್ಣ ಮಿಂಚುಳ್ಳಿ ಬರೀ 16-17 ಸೆಂ.ಮೀ. ಅದು ಕ್ರಾಪ್ ಬಾಡಿಯ ಚೌಕಟ್ಟನ್ನು ಮುಕ್ಕಾಲು ತುಂಬಬೇಕಾದರೆ 5 ಮೀಟರ್‌ವರೆಗೆ ಹೋಗಬೇಕು. ಆ ದೂರದಲ್ಲಿ, ಎಫ್/5.6ರಲ್ಲಿ, ಫೋಕಸ್ ಕೂರುವ ದಪ್ಪ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಎದೆಗೆ ಫೋಕಸ್ ಹಿಡಿದರೆ ಕಣ್ಣು ಮಂಜಾಗುತ್ತದೆ. 10 ಮೀಟರಿಗೆ ಇದು 9 ಸೆಂ.ಮೀ., 20 ಮೀಟರಿಗೆ 36 ಸೆಂ.ಮೀ. ಈ ಮೂರು ಅಂಕಿ ತಲೆಯಲ್ಲಿದ್ದರೆ ಯಾವಾಗ ಎಫ್/8ಕ್ಕೆ ಹೋಗಬೇಕು ಎಂದು ಯಾರನ್ನೂ ಕೇಳಬೇಕಿಲ್ಲ. ಅತಿ ಹತ್ತಿರದ ಫೋಕಸ್ 2.2 ಮೀಟರ್. ಅಲ್ಲಿ 500ರಲ್ಲಿಟ್ಟರೆ ಕ್ರಾಪ್ ಬಾಡಿಯಲ್ಲಿ ಸುಮಾರು 11 ಸೆಂ.ಮೀ. ಅಗಲದ ಜಾಗ ಚೌಕಟ್ಟು ತುಂಬುತ್ತದೆ. ಕಾರಂಜಿ ಕೆರೆಯ ಚಿಟ್ಟೆ, ಕೊಡತಿ ಕೀಟಗಳಿಗೆ ಬೇರೆ ಮ್ಯಾಕ್ರೊ ಹೊರುವ ಕೆಲಸ ತಪ್ಪುತ್ತದೆ.

ಫೋಕಸ್: ಬಲವೂ ಇಲ್ಲೇ, ಬಲಹೀನತೆಯೂ ಇಲ್ಲೇ

ಶಾರ್ಪ್‌ನೆಸ್ ವಿಚಾರದಲ್ಲಿ ದೂರುವಂಥದ್ದಿಲ್ಲ. 200ರಿಂದ 400ರವರೆಗೆ ಎಫ್/5.6ರಲ್ಲೇ ಗರಿಯ ಎಳೆ ಬಿಡಿಸಿ ಕೊಡುತ್ತದೆ. 500ರಲ್ಲಿ ತುಸು ಮೆತ್ತಗೆ, ಎಫ್/7.1ಕ್ಕೆ ಮುಚ್ಚಿದರೆ ಅದೂ ಸರಿಹೋಗುತ್ತದೆ. ಪೂರ್ತಿ ಝೂಮಿನಲ್ಲೂ ಎಫ್/5.6 ಬದಲಾಗದೆ ಉಳಿಯುವುದು ದೊಡ್ಡ ಗುಣ. ಸಿಗ್ಮಾ, ಟ್ಯಾಮ್ರಾನ್ 150-600ಗಳು ಉದ್ದದ ಕೊನೆಯಲ್ಲಿ ಎಫ್/6.3ಕ್ಕೆ ಇಳಿಯುತ್ತವೆ. ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ತಾನೆ ಎನ್ನಬಹುದು, ಮುಂಜಾನೆಯ ಮಬ್ಬಿನಲ್ಲಿ ಆಟೊಫೋಕಸ್‌ಗೆ ಅದೂ ಬೇಕು. ಆದರೆ ಸಿಗ್ಮಾ ಕಂಟೆಂಪರರಿ 1,930 ಗ್ರಾಂ ಮಾತ್ರ, ಫೋಕಲ್ ಉದ್ದವೂ 100 ಎಂಎಂ ಹೆಚ್ಚು. ನಡಿಗೆಯೇ ಹೆಚ್ಚಿರುವವರು ಅದನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಲಿ.

ಫೋಕಸ್ ವೇಗ ಮಾತ್ರ ಸಾಧಾರಣ. ಕೂತ ಹಕ್ಕಿಗೆ, ನಿಧಾನವಾಗಿ ತೇಲಿ ಬರುವ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಧಾರಾಳ ಸಾಕು. ನದಿ ರೀವ (ರಿವರ್ ಟರ್ನ್) ನೀರಿನ ಮೇಲೆ ತಿರುಗಿ ಧುಮುಕುವಾಗ ಹಿಂದೆ ಬೀಳುತ್ತದೆ. ಅದಕ್ಕಿಂತ ಕಾಡುವುದು, ಹಕ್ಕಿ ಬಿದಿರು ಮೆಳೆಯ ಮುಂದೆ ಹಾದಾಗ ಫೋಕಸ್ ತಪ್ಪಿದರೆ ಲೆನ್ಸು ಹತ್ತಿರದ ಕೊನೆಯವರೆಗೂ ಹುಡುಕಿಕೊಂಡು ಹೋಗಿ ವಾಪಸು ಬರುವುದು. ಅಷ್ಟರಲ್ಲಿ ಹಕ್ಕಿ ಹೋಯಿತು. ಇದಕ್ಕೆ ಮೂರು ಉಪಾಯ. ದೋಣಿ ಹತ್ತುವ ಮುಂಚೆಯೇ ಫೋಕಸ್ ಲಿಮಿಟರ್ ಸ್ವಿಚ್ಚನ್ನು ಫುಲ್‌ನಿಂದ ಅನಂತ-6 ಮೀಟರ್‌ಗೆ ತಳ್ಳಿ, ಆಗ ಹುಡುಕಾಟ ಅರ್ಧಕ್ಕೆ ನಿಲ್ಲುತ್ತದೆ. ಹಕ್ಕಿ ಬರುವ ದಿಕ್ಕಿನಲ್ಲಿ ಹೆಚ್ಚುಕಡಿಮೆ ಅದೇ ದೂರದ ಬಂಡೆಗೋ ಕೊಂಬೆಗೋ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ತಪ್ಪಿದಾಗ ಫೋಕಸ್ ರಿಂಗನ್ನು ಬೆರಳಲ್ಲಿ ಒಂದಿಷ್ಟು ತಿರುಗಿಸಿ ಹಕ್ಕಿ ಕಾಣುವಂತೆ ಮಾಡಿ, ಮತ್ತೆ ಕ್ಯಾಮೆರಾದ ಹಿಂಬದಿಯ ಫೋಕಸ್ ಗುಂಡಿ ಎಎಫ್-ಆನ್ ಒತ್ತಿ. ಲೆನ್ಸಿನ ಫೋಕಸ್ ಸ್ವಿಚ್ ಎಂ/ಎ ಸ್ಥಾನದಲ್ಲಿದ್ದರೆ ಇದು ನಡೆಯುತ್ತದೆ. ಡಿ500ರಲ್ಲಿ ಹಾರುವ ಹಕ್ಕಿಗೆ ಗ್ರೂಪ್ ಏರಿಯಾ, ಕೊಂಬೆಯ ಸಂದಿಯ ಹಕ್ಕಿಗೆ ಸಿಂಗಲ್ ಪಾಯಿಂಟ್. ಶಟರ್ ಗುಂಡಿಯಿಂದ ಫೋಕಸ್ಸನ್ನು ಬಿಡಿಸಿ ಎಎಫ್-ಆನ್‌ಗೆ ಮಾತ್ರ ಕೊಡುವುದು ಮೊದಲ ವಾರದಲ್ಲೇ ರೂಢಿಯಾಗಲಿ.

ಡಿ500, ಡಿ7500, ಡಿ850ಗಳಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸ್ ತುಸು ಹಿಂದೆ ಮುಂದೆ ಬೀಳುವುದನ್ನು ಸರಿಮಾಡುವ ಸೌಲಭ್ಯ) ಇದೆ, ಡಿ3000 ಮತ್ತು ಡಿ5000 ಸಾಲಿನವುಗಳಲ್ಲಿ ಇಲ್ಲ. ಝೂಮ್ ಲೆನ್ಸಿಗೆ ಬಾಡಿ ಒಂದೇ ಅಂಕಿ ನೆನಪಿಟ್ಟುಕೊಳ್ಳುತ್ತದೆ, 200ಕ್ಕೂ 500ಕ್ಕೂ ಬೇರೆ ಬೇರೆ ಬೇಕಾದರೂ ಕೊಡಲಾಗದು. ನೀವು ಹೆಚ್ಚು ಬಳಸುವುದು 500 ಆದ್ದರಿಂದ ಅಲ್ಲೇ ಸರಿಮಾಡಿ. ಟ್ರೈಪಾಡ್ ಮೇಲೆ, 12-15 ಮೀಟರ್ ದೂರದಲ್ಲಿ ನೆರಳಿನ ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಗೆ ಗುರಿಯಿಟ್ಟು, ಮೊದಲು ಲೈವ್ ವ್ಯೂನಲ್ಲಿ ಒಂದು ಫೋಟೊ, ಆಮೇಲೆ ವ್ಯೂಫೈಂಡರಿನಲ್ಲಿ ಪ್ರತಿಸಲ ಫೋಕಸ್ ಕೆಡಿಸಿ ಹೊಸದಾಗಿ ಹಿಡಿದು ಐದಾರು ಫೋಟೊ. ಎರಡೂ ಬಗೆಯವು ಒಂದೇ ಥರ ಇದ್ದರೆ ಏನನ್ನೂ ಮುಟ್ಟಬೇಡಿ.

ಕಾವೇರಿಯ ಮೇಲೆ ಬಿಸಿ ಗಾಳಿ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗೂಡು ಕಟ್ಟುವ ಭರಾಟೆ ಜೋರು, ಫೋಟೊ ತೆಗೆಯುವವರ ಸಂದಣಿಯೂ ಜೋರು. ಈ ತಿಂಗಳುಗಳಲ್ಲೇ ಲೆನ್ಸಿನ ಮೇಲೆ ದೂರು ಹೆಚ್ಚು. ಬಿಸಿಲು ಏರುತ್ತಿದ್ದಂತೆ ನಡುಗಡ್ಡೆಯ ಬಂಡೆ ಬೇಗ ಕಾಯುತ್ತದೆ, ನೀರು ತಣ್ಣಗೇ ಇರುತ್ತದೆ. ಬಂಡೆಯಿಂದ ಏಳುವ ಬಿಸಿ ಗಾಳಿ ನೀರಿನ ಮೇಲಿನ ತಂಪು ಗಾಳಿಯೊಡನೆ ಬೆರೆಯುವಾಗ ಬೆಳಕು ಕ್ಷಣಕ್ಷಣಕ್ಕೂ ಬೇರೆ ಬೇರೆ ಕಡೆ ಬಾಗುತ್ತದೆ. ಕಾದ ಟಾರು ರಸ್ತೆಯ ಮೇಲೆ ದೂರದ ಬಸ್ಸು ನಡುಗುತ್ತಾ ಕಾಣುವುದಕ್ಕೂ ಇದೇ ಕಾರಣ. 500 ಎಂಎಂ ಆ ನಡುಕವನ್ನು ಹಿಗ್ಗಿಸಿ ತೋರಿಸುತ್ತದೆ. ಫೋಕಸ್ ಸರಿಯಿದೆ, ಶಟರ್ 1/2000 ಇದೆ, ಆದರೂ ಗರಿ ಉಣ್ಣೆಯಂತೆ ಮೆತ್ತಗೆ. ಎಷ್ಟೇ ದುಬಾರಿ ಲೆನ್ಸ್ ತಂದರೂ ಇದು ಹೋಗದು.

ಪತ್ತೆ ಹಚ್ಚುವುದು ಸುಲಭ. ಒಂದೇ ಹಕ್ಕಿಯ ಹತ್ತು ಫ್ರೇಮ್ ಒಂದರ ಹಿಂದೊಂದು ತೆಗೆದು ಕಂಪ್ಯೂಟರಿನಲ್ಲಿ 100 ಪರ್ಸೆಂಟ್ ಹಿಗ್ಗಿಸಿ. ಪ್ರತಿ ಫ್ರೇಮಿನಲ್ಲೂ ಮಂಜಾದ ಜಾಗ ಬೇರೆ ಬೇರೆಯಾಗಿ, ಕೊಂಬೆಯ ನೇರ ಅಂಚು ಅಲೆಯಲೆಯಾಗಿ ಕಂಡರೆ ಅದು ಗಾಳಿ. ಎಲ್ಲ ಫ್ರೇಮಿನಲ್ಲೂ ಹಕ್ಕಿ ಒಂದೇ ಥರ ಮಂಜಾಗಿ, ಅದರ ಹಿಂದಿನದೋ ಮುಂದಿನದೋ ಎಲೆ ಸ್ಪಷ್ಟವಾಗಿದ್ದರೆ ಅದು ಫೋಕಸ್. ಎಲ್ಲವೂ ಒಂದೇ ದಿಕ್ಕಿಗೆ ಗೀಚಿದಂತಿದ್ದರೆ ಕೈ ಅಥವಾ ದೋಣಿ ಅಲುಗಿದೆ. ಗಾಳಿಗೆ ಇರುವ ಔಷಧ ಎರಡೇ: ಬೆಳಗಿನ ಮೊದಲ ದೋಣಿ, ಮತ್ತು ದೂರ ಕಡಿಮೆ ಮಾಡಿಕೊಳ್ಳುವುದು. ಒಂಬತ್ತೂವರೆ ಹತ್ತರ ಮೇಲೆ ದೂರದ ಬಂಡೆಯ ಹಕ್ಕಿಗಳನ್ನು ಬಿಟ್ಟು, ನೆರಳಿನಲ್ಲಿ ಹತ್ತಿರ ಕೂತವುಗಳನ್ನು ನೋಡಿ.

ದೋಣಿಯಲ್ಲಿ ಟ್ರೈಪಾಡಿಗೆ ಜಾಗವೂ ಇಲ್ಲ, ಅದರಿಂದ ಪ್ರಯೋಜನವೂ ಇಲ್ಲ, ಹುಟ್ಟಿನ ಪ್ರತಿ ಎಳೆತವೂ ಹಲಗೆಯ ಮೂಲಕ ನೇರ ಲೆನ್ಸಿಗೆ ಬರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯುವುದು ಮೇಲು. ಇದರ ವಿಆರ್ 4.5 ಸ್ಟಾಪಿನದು, ನಿಜಕ್ಕೂ ಒಳ್ಳೆಯದು. ನೆಲದ ಮೇಲೆ ನಿಂತಾಗ ಅಲುಗದ ಹಕ್ಕಿಗೆ 500ರಲ್ಲಿ 1/125 ಕೂಡ ನಡೆಯುತ್ತದೆ. ಆದರೆ ವಿಆರ್ ತಡೆಯುವುದು ಕೈಯ ಅದುರನ್ನು, ದೋಣಿ ಸರಿಯುವುದನ್ನಾಗಲಿ ಹಕ್ಕಿ ಕತ್ತು ತಿರುಗಿಸುವುದನ್ನಾಗಲಿ ಅಲ್ಲ. ದೋಣಿಯಿಂದ ಕೂತ ಹಕ್ಕಿಗೆ 1/1000, ಹಾರುವ ಕೊಕ್ಕರೆಗೆ 1/2000, ರೀವಕ್ಕೆ 1/3200. ವಿಆರ್ ಸ್ವಿಚ್ ಸ್ಪೋರ್ಟ್‌ನಲ್ಲಿರಲಿ. ನಾರ್ಮಲ್‌ನಲ್ಲಿ ಒಂದರ ಹಿಂದೊಂದು ಫ್ರೇಮ್ ಹೊಡೆಯುವಾಗ ವ್ಯೂಫೈಂಡರಿನ ಚಿತ್ರ ಸಣ್ಣಗೆ ಜಿಗಿದು ಹಕ್ಕಿ ಫೋಕಸ್ ಪಾಯಿಂಟಿನಿಂದ ಜಾರುತ್ತದೆ.

ಬೆಳಕಿನ ಲೆಕ್ಕ (ಐಎಸ್‌ಒ ಎಂದರೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆ): ಬಯಲು ಬಿಸಿಲಿನಲ್ಲಿ ಎಫ್/5.6, ಐಎಸ್‌ಒ 400ಕ್ಕೆ 1/4000 ಸಿಗುತ್ತದೆ. ತೆರೆದ ನೆರಳಿನಲ್ಲಿ 1/2000 ಬೇಕಾದರೆ ಐಎಸ್‌ಒ 1600, ಮರದ ದಟ್ಟ ನೆರಳಿನಲ್ಲಿ 3200ರಿಂದ 6400. ಮ್ಯಾನ್ಯುಯಲ್ ಮೋಡ್‌ನಲ್ಲಿ ಶಟರ್, ಅಪರ್ಚರ್ ಕಟ್ಟಿಟ್ಟು ಐಎಸ್‌ಒ ಮಾತ್ರ ಆಟೊ ಮಾಡಿದರೆ ದೋಣಿ ತಿರುಗಿದಾಗೆಲ್ಲ ಬೆರಳಾಡಿಸುವ ಕೆಲಸ ತಪ್ಪುತ್ತದೆ. ಬಿಳಿ ಹಕ್ಕಿ ಕಪ್ಪು ಮೆಳೆಯ ಮುಂದೆ ಕೂತಿದ್ದರೆ ಕಾಂಪೆನ್ಸೇಶನ್ (ಫೋಟೊದ ಬೆಳಕನ್ನು ಹೆಚ್ಚುಕಡಿಮೆ ಮಾಡುವುದು) ಮೈನಸ್ 0.7ರಿಂದ ಮೈನಸ್ 1, ಅದೇ ಹಕ್ಕಿ ಬೆಳ್ಳನೆ ಆಕಾಶಕ್ಕೆ ಹಾರಿದರೆ ಪ್ಲಸ್ 1. ಚಮಚದ ಕೊಕ್ಕು ಹಕ್ಕಿಯ (ಸ್ಪೂನ್‌ಬಿಲ್) ಬೆನ್ನಿನ ಗರಿ ಒಮ್ಮೆ ಸುಟ್ಟುಹೋದರೆ ರಾ ಫೈಲಿನಲ್ಲೂ ವಾಪಸು ಬರದು.

ಇನ್ನೊಂದು ಮಾತು. ಲೆನ್ಸ್ ಉದ್ದ ಇದೆ ಎನ್ನುವುದಕ್ಕಾಗಿ ಗೂಡಿನ ಹತ್ತಿರ ದೋಣಿ ಒಯ್ಯಿರೆಂದು ಅಂಬಿಗರನ್ನು ಒತ್ತಾಯಿಸಬೇಡಿ. ತಾಯಿ ಹಕ್ಕಿ ಎದ್ದುಹೋದರೆ ಮರಿ ಬಿಸಿಲಿಗೆ ಬೀಳುತ್ತದೆ, ಬಿಸಿಲು ಬಲಿತ ಹೊತ್ತಿನಲ್ಲಿ ಅದು ಪ್ರಾಣಕ್ಕೇ ಬರುತ್ತದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ರಂಗನತಿಟ್ಟು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ಹೊರಡುವ ಮೊದಲು ವಿಚಾರಿಸಿ.

ಹಕ್ಕಿ ಬಿಟ್ಟರೆ

ದಸರೆಗೆ ಇದನ್ನು ನಂಬಬೇಡಿ. ಜಂಬೂಸವಾರಿಯ ಹಗಲಿಗೆ 200ರ ಕೊನೆ ಆನೆಯ ಮುಖಕ್ಕೆ, ಅಂಬಾರಿಯ ಕುಸುರಿಗೆ ಚೆಂದ. ಬನ್ನಿಮಂಟಪದ ಪಂಜಿನ ಕವಾಯತಿಗೆ ಎಫ್/5.6 ಕತ್ತಲು, ಅಲ್ಲಿ 70-200 ಎಫ್/2.8 ಬೇಕು.

ಚಾಮುಂಡಿ ಬೆಟ್ಟದ ಮೇಲೆ ಏಳುವ ಚಂದ್ರನಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಲೆನ್ಸ್ ಸಿಗುವುದು ಕಷ್ಟ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ, 500 ಎಂಎಂನಲ್ಲಿ ಸೆನ್ಸರಿನ ಮೇಲೆ ಸುಮಾರು 4.6 ಮಿ.ಮೀ., ಅಂದರೆ ಕ್ರಾಪ್ ಬಾಡಿಯ ಎತ್ತರದ ಮೂರನೇ ಒಂದು ಪಾಲಿಗೆ ತುಸು ಕಡಿಮೆ. ಒಂದು ವಸ್ತು ತನ್ನ ಎತ್ತರದ 110 ಪಟ್ಟು ದೂರದಲ್ಲಿದ್ದಾಗ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ. ದೇವಸ್ಥಾನದ ಏಳಂತಸ್ತಿನ ಗೋಪುರ ಸುಮಾರು 40 ಮೀಟರ್, ಹಾಗಾಗಿ 4.4 ಕಿ.ಮೀ. ದೂರದಿಂದ ತೆಗೆದರೆ ಗೋಪುರವೂ ಚಂದ್ರನೂ ಒಂದೇ ಅಳತೆ. ಬೆಟ್ಟ ಊರಿನ ಆಗ್ನೇಯಕ್ಕಿದೆ. ಹುಣ್ಣಿಮೆ ಚಂದ್ರ ಆಗ್ನೇಯದ ಕಡೆ ಹುಟ್ಟುವುದು ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಈಶಾನ್ಯಕ್ಕೆ ಸರಿದಿರುತ್ತದೆ. ಹುಣ್ಣಿಮೆಗಿಂತ ಅದರ ಹಿಂದಿನ ಸಂಜೆ ಮೇಲು. ಚಂದ್ರ ಬೆಟ್ಟದ ಮೇಲೆ ಕಾಣುವ ಹೊತ್ತಿಗೆ ಆಕಾಶದಲ್ಲಿ ಇನ್ನೂ ಬೆಳಕಿದ್ದು ಗೋಪುರವೂ ಕಾಣುತ್ತದೆ. ಟ್ರೈಪಾಡ್, ವಿಆರ್ ಆಫ್, ಎಫ್/8, ಐಎಸ್‌ಒ 400, 1/125ರಿಂದ ಶುರುಮಾಡಿ ಹಿಸ್ಟೋಗ್ರಾಮ್ ನೋಡಿ ಬದಲಿಸಿ.

ಲೆನ್ಸಿಗೂ ಬಾಡಿಗೂ ನಡುವೆ ಕೂರುವ 1.4 ಪಟ್ಟಿನ ಟೆಲಿಕನ್ವರ್ಟರ್ ಟಿಸಿ-14ಇ ಮೂರನೇ ಮಾದರಿ ಹಾಕಿದರೆ 700 ಎಂಎಂ ಎಫ್/8. ಚಂದ್ರನಿಗೆ ಸರಿ. ಹಕ್ಕಿಗೆ ಆಟೊಫೋಕಸ್ ನಡುವಿನ ಕೆಲವೇ ಪಾಯಿಂಟುಗಳಿಗೆ ಇಳಿದು ಇನ್ನೂ ನಿಧಾನವಾಗುತ್ತದೆ, ಆ ಹಣ ಉಳಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ನಿಮ್ಮ ಬಾಡಿ, ಕಾರ್ಡ್, ಒಂದು ಟಾರ್ಚ್ ಜೊತೆಯಲ್ಲಿರಲಿ. ಹಗಲು ಹೊತ್ತಲ್ಲೇ ಹೋಗಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಚುಕ್ಕೆ ಚುಕ್ಕೆ ಧೂಳು ಪರವಾಗಿಲ್ಲ. ಜೇಡರ ಬಲೆಯ ಎಳೆಯಂತೆ ಕವಲೊಡೆದಿದ್ದರೆ ಬೂಷ್ಟು, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಝೂಮ್ ರಿಂಗ್ ಒಂದೇ ಸಮನೆ ತಿರುಗಬೇಕು, ಮರಳು ಸಿಕ್ಕಂತೆ ಕರಕರ ಎಂದರೆ ಅದು ಧೂಳಿನಲ್ಲಿ ದುಡಿದ ಲೆನ್ಸ್. ಮೌಂಟಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆಂದು ಕೇಳಿ. ಎಫ್/5.6, ಎಫ್/8, ಎಫ್/16ರಲ್ಲಿ ಬೆಳಕು ಒಂದೇ ಇರುವಂತೆ ಶಟರ್ ಬದಲಿಸುತ್ತಾ ಒಂದೊಂದು ಫೋಟೊ ತೆಗೆಯಿರಿ. ಎಫ್/16ರ ಫೋಟೊ ಎದ್ದು ಬೆಳ್ಳಗಾದರೆ ಅಪರ್ಚರ್ ಮುಚ್ಚುತ್ತಿಲ್ಲ. 500ರಲ್ಲಿಟ್ಟು ಶಟರ್ ಅರ್ಧ ಒತ್ತಿದಾಗ ಸಣ್ಣ ಗುಂಯ್ ಶಬ್ದದೊಂದಿಗೆ ವ್ಯೂಫೈಂಡರಿನ ಚಿತ್ರ ನಿಲ್ಲಬೇಕು, ಚಿತ್ರ ಎಗರಿದರೆ ವಿಆರ್ ಕೆಟ್ಟಿದೆ. ಕೊನೆಗೆ ಇಟ್ಟಿಗೆ ಗೋಡೆಯೊಂದನ್ನು 15 ಮೀಟರ್ ದೂರದಿಂದ ನೇರವಾಗಿ ತೆಗೆದು ನಾಲ್ಕು ಮೂಲೆ ಹೋಲಿಸಿ. ಎಡ ಮಾತ್ರವೋ ಬಲ ಮಾತ್ರವೋ ಮಂಜಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಸರಿದಿದೆ. ಬಿಲ್ ಕೇಳಿ, ಅದರಲ್ಲಿನ ಸೀರಿಯಲ್ ನಂಬರನ್ನು ಲೆನ್ಸಿನ ಮೇಲಿನದಕ್ಕೆ ತಾಳೆ ನೋಡಿ.

ಕೊಂಡ ಮೇಲೆ 95 ಎಂಎಂ ಫಿಲ್ಟರಿಗೆ ಓಡಬೇಡಿ. ಅಗ್ಗದ ಫಿಲ್ಟರ್ 500ರಲ್ಲಿ ಗರಿಯನ್ನು ಮೆತ್ತಗಾಗಿಸುತ್ತದೆ, ಹುಡ್ ಇದ್ದರೆ ಮುಂದಿನ ಗಾಜಿಗೆ ಕಾವಲು ಸಾಕು. ಆ ಹಣದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, 200-250 ಗ್ರಾಂ ಸಿಲಿಕಾ ಜೆಲ್, ತೇವ ಅಳೆಯುವ ಚಿಕ್ಕ ಮೀಟರ್ ತನ್ನಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೀಟರ್ 40ರಿಂದ 50ರ ನಡುವೆ ಇರಲಿ, 60 ದಾಟಲು ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನು ಕೇಳಿ ತನ್ನಿ. ಬಣ್ಣ ಬದಲಾದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ನೆನೆದು ಬಂದ ಲೆನ್ಸನ್ನು ಹಾಗೇ ಡಬ್ಬಕ್ಕಾಗಲಿ ಬ್ಯಾಗಿಗಾಗಲಿ ಹಾಕದೆ, ಒರೆಸಿ, ಮೂತಿ ಚಾಚಿ, ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ.